ಆಲಯದ ಅಭಿಮಾನ ಯಾರನ್ನು ಸುಡಬೇಕು?

ಪ್ರಶ್ನೆ: ನಮ್ಮ ಚರ್ಚಿನ ಆಲಯ ನಿರ್ವಹಣಾ ಸಮಿತಿಗೆ ಈಚೆಗೆ ನನ್ನನ್ನು ಸೇರಿಸಿಕೊಂಡಿದ್ದಾರೆ. ಆರಾಧನೆ ಶುರುವಾಗುವ ತನಕ ಸಂತೆಯ ಹಾಗೆ ಮಾತು, ಪ್ರಾರ್ಥನೆಯ ನಡುವೆ ಮೊಬೈಲ್ ಸದ್ದು, ಮಕ್ಕಳ ಓಡಾಟ, ತಡವಾಗಿ ಬಂದವರ ಗಡಿಬಿಡಿ, ಪ್ರಭುಭೋಜನದ ಮೇಜಿನ ಬಟ್ಟೆಯ ಮೇಲೆ ಮೇಣದ ಕಲೆ. ನೋಡಿದರೆ ಮೈ ಉರಿಯುತ್ತದೆ. ಎರಡು ಸಲ ಎಲ್ಲರೆದುರು ಗದರಿಸಿದ್ದಕ್ಕೆ ಒಂದು ಕುಟುಂಬ ಬರುವುದನ್ನೇ ನಿಲ್ಲಿಸಿದೆ. ಯೇಸುಸ್ವಾಮಿಯೇ ಚಾಟಿ ಹಿಡಿದು ದೇವಾಲಯವನ್ನು ಶುದ್ಧಿ ಮಾಡಿದರಲ್ಲವೇ? ನನ್ನದು ತಪ್ಪೇ? ಆಲಯದ ಗೌರವ ಉಳಿಸಲು ಏನೇನು ಮಾಡಬೇಕು?

ಉತ್ತರ: ಮೊದಲು ಆ ಕುಟುಂಬದ ಮನೆಗೆ ಹೋಗಿ ಬನ್ನಿ. ಸಮಿತಿಯ ಪರವಾಗಿ ಬೇಡ, ನಿಮ್ಮ ಪರವಾಗಿ. ಯಾಕೆ ಗದರಿಸಬೇಕಾಯಿತು ಎಂದು ವಿವರಿಸಲು ಹೋದರೆ ಇನ್ನೊಮ್ಮೆ ಗದರಿಸಿದ ಹಾಗಾಗುತ್ತದೆ. ‘ನನ್ನಿಂದ ತಪ್ಪಾಯಿತು’ ಎಂದಷ್ಟೇ ಹೇಳಿ, ಕೊಟ್ಟ ನೀರು ಕುಡಿದು ಎದ್ದು ಬನ್ನಿ. ಈ ಉತ್ತರದ ಉಳಿದ ಭಾಗವನ್ನು ಅದಾದ ಮೇಲೆ ಓದಿದರೂ ನಡೆಯುತ್ತದೆ.

ಇನ್ನು ನೀವು ಆಧಾರವಾಗಿ ಹಿಡಿದ ವಚನ. ದೇವಾಲಯದ ಆ ಘಟನೆಯನ್ನು ಕಂಡ ಶಿಷ್ಯರಿಗೆ 69ನೇ ಕೀರ್ತನೆಯ 9ನೇ ವಚನ ನೆನಪಾಯಿತು ಎಂದು ಯೋಹಾನ 2:17 ಹೇಳುತ್ತದೆ: ಆಲಯದ ಮೇಲಿನ ಅಭಿಮಾನ ನನ್ನನ್ನು ದಹಿಸುತ್ತದೆ ಎಂಬ ಮಾತು. ದಹಿಸುವುದು ಯಾರನ್ನು? ‘ನನ್ನನ್ನು’. ಪಕ್ಕದ ಸಾಲಿನವರನ್ನಲ್ಲ. ಆ ಕೀರ್ತನೆಯನ್ನು ಮೇಲಿನಿಂದ ಓದಿಕೊಂಡು ಬಂದರೆ ಹಾಡುವವನು ಸ್ವಂತ ಅಣ್ಣತಮ್ಮಂದಿರಿಗೇ ಪರಕೀಯನಾಗಿದ್ದಾನೆ, ಅತ್ತು ಉಪವಾಸವಿದ್ದದ್ದಕ್ಕೂ ನಿಂದೆಯನ್ನೇ ಉಂಡಿದ್ದಾನೆ. ಅಭಿಮಾನದ ಬೆಲೆಯನ್ನು ಅಭಿಮಾನಿಯೇ ತೆತ್ತಿದ್ದಾನೆ.

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಇಲ್ಲಿರುವ ಪದ ‘ಝೇಲೋಸ್’. ಹೊಟ್ಟೆಕಿಚ್ಚಿಗೂ ಅದೇ ಪದ, ಭಕ್ತಿಯ ಕಿಚ್ಚಿಗೂ ಅದೇ. ಪೌಲ ಫಿಲಿಪ್ಪಿಯವರಿಗೆ ಬರೆಯುವಾಗ (3:6) ತಾನು ಸಭೆಯನ್ನು ಹಿಂಸಿಸಿದ್ದು ಇದೇ ಕಿಚ್ಚಿನಿಂದ ಎಂದು ಒಪ್ಪಿಕೊಳ್ಳುತ್ತಾನೆ. ತನ್ನ ಜನರಿಗೆ ದೇವರ ಮೇಲೆ ಆಸಕ್ತಿಯಿದೆ, ಆದರೆ ತಿಳಿವಳಿಕೆಯಿಲ್ಲ ಎಂದು ರೋಮಾಪುರದವರಿಗೂ ಬರೆದ (10:2). ಮೈ ಉರಿಯಿತು ಎಂಬುದರಿಂದ ಉರಿದದ್ದು ಯಾವುದು ಎಂದು ತಿಳಿಯುವುದಿಲ್ಲ.

ಚಾಟಿಯ ಪ್ರಸಂಗವನ್ನು ನಾಲ್ಕೂ ಸುವಾರ್ತೆಗಳಲ್ಲಿ ಅಕ್ಕಪಕ್ಕ ಇಟ್ಟು ಓದಬೇಕು. ಯೋಹಾನ ಅದನ್ನು ಯೇಸುವಿನ ಸೇವೆಯ ಆರಂಭದಲ್ಲಿ ಇಡುತ್ತಾನೆ, ಉಳಿದ ಮೂವರು ಕೊನೆಯ ವಾರದಲ್ಲಿ. ಚಾಟಿ ಇರುವುದು ಯೋಹಾನನಲ್ಲಿ ಮಾತ್ರ. ಅದು ಕೈಗೆ ಸಿಕ್ಕಿದ ಕೋಲಲ್ಲ, ಹಗ್ಗಗಳಿಂದ ಹೆಣೆದದ್ದು. ಹೆಣೆಯಲು ಒಂದಿಷ್ಟು ಹೊತ್ತು ಬೇಕು. ಕುರಿ, ಎತ್ತುಗಳನ್ನು ಅಟ್ಟಲು ಅದನ್ನು ಬಳಸಿದರು ಎಂದು ಓದುವುದಕ್ಕೆ ಗ್ರೀಕ್ ಮೂಲದಲ್ಲಿ ಅವಕಾಶವಿದೆ, ಮನುಷ್ಯರಿಗೆ ಏಟು ಬಿತ್ತೆಂದು ಎಲ್ಲಿಯೂ ಬರೆದಿಲ್ಲ. ನಾಣ್ಯಗಳನ್ನು ಚೆಲ್ಲಿದರು, ಮೇಜುಗಳನ್ನು ಕೆಡವಿದರು, ಆದರೆ ಪಾರಿವಾಳ ಮಾರುವವರಿಗೆ ‘ಇವನ್ನು ತೆಗೆದುಕೊಂಡು ಹೋಗಿ’ ಎಂದು ಬಾಯಲ್ಲಿ ಹೇಳಿದರು. ಚೆಲ್ಲಿದ ನಾಣ್ಯ ಆರಿಸಿಕೊಳ್ಳಬಹುದು, ಓಡಿದ ಎತ್ತು ಹಿಡಿಯಬಹುದು. ಗೂಡು ಒಡೆದರೆ ಹಾರಿಹೋದ ಹಕ್ಕಿ ವಾಪಸು ಬರುವುದಿಲ್ಲ. ಕೋಪದ ನಡುವೆಯೂ ಈ ವ್ಯತ್ಯಾಸ ಉಳಿದಿದೆ.

ಮಾರ್ಕ 11:11 ಇನ್ನೂ ಮುಖ್ಯ. ಯೇಸು ದೇವಾಲಯಕ್ಕೆ ಬಂದರು, ಸುತ್ತಲಿನ ಎಲ್ಲವನ್ನೂ ನೋಡಿದರು, ಸಂಜೆಯಾಗಿದ್ದರಿಂದ ಬೇಥಾನ್ಯಕ್ಕೆ ಹೋದರು. ಮೇಜುಗಳನ್ನು ಕೆಡವಿದ್ದು ಮರುದಿನ. ನಡುವೆ ಒಂದು ರಾತ್ರಿ ಕಳೆದಿದೆ.

ಆ ವ್ಯಾಪಾರಿಗಳು ಅಲ್ಲಿಗೆ ಬಂದದ್ದಾದರೂ ಹೇಗೆ? ಅವರು ಬಂದದ್ದು ಅನುಕೂಲಕ್ಕಾಗಿ. ಪ್ರತಿ ಯೆಹೂದಿ ಗಂಡಸು ವರ್ಷಕ್ಕೆ ಅರ್ಧ ಶೆಕೆಲ್ ದೇವಾಲಯಕ್ಕೆ ಕೊಡಬೇಕಿತ್ತು. ಅದನ್ನು ತೂರ್ ಪಟ್ಟಣದ ಬೆಳ್ಳಿಯಲ್ಲೇ ಸ್ವೀಕರಿಸುತ್ತಿದ್ದರು, ಏಕೆಂದರೆ ಆ ನಾಣ್ಯದ ಬೆಳ್ಳಿ ಅಪ್ಪಟ. ಒಂದು ಶೆಕೆಲ್ ಸುಮಾರು 14 ಗ್ರಾಂ. ಅದರ ಮೇಲೆ ಮೆಲ್ಕಾರ್ಟ್ ಎಂಬ ಅನ್ಯದೇವರ ಮುಖವಿತ್ತು ಎಂಬುದು ಬೇರೆ ಮಾತು. ದೂರದೂರಿನವರು ತಂದ ಹಣ ಬದಲಾಯಿಸಲು ಮೇಜು ಬೇಕಾಯಿತು. ಅದಾರ್ ತಿಂಗಳ 15ರಂದು ಊರುಗಳಲ್ಲಿ, 25ರಂದು ದೇವಾಲಯದಲ್ಲಿ ಈ ಮೇಜುಗಳನ್ನು ಹಾಕುತ್ತಿದ್ದರೆಂದು ಯೆಹೂದ್ಯರ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾ ದಾಖಲಿಸಿದೆ. ಪಾರಿವಾಳ ಬಡವರ ಕಾಣಿಕೆ. ಕುರಿಮರಿ ಕೊಡಲಾಗದ ಬಾಣಂತಿಗೆ ಯಾಜಕಕಾಂಡ 12:8 ಅದನ್ನು ಅನುಮತಿಸುತ್ತದೆ, ಮರಿಯಳು ಒಪ್ಪಿಸಿದ್ದೂ ಅದನ್ನೇ. ಒಂದು ಕಾಲದಲ್ಲಿ ಜೋಡಿ ಪಾರಿವಾಳದ ಬೆಲೆ ಚಿನ್ನದ ದಿನಾರಿಗೆ ಏರಿದ್ದಾಗ ಗುರು ಶಿಮೋನ್ ಬೆನ್ ಗಮಲಿಯೇಲ್, ಇದು ಇಳಿಯದೆ ಈ ರಾತ್ರಿ ಮಲಗುವುದಿಲ್ಲ ಎಂದು ಆಣೆಯಿಟ್ಟು ಇಳಿಸಿದ ಕಥೆಯೂ ಮಿಷ್ನಾದಲ್ಲಿದೆ. ಅಲ್ಲಿಯೂ ಅಭಿಮಾನ ಎದ್ದು ನಿಂತದ್ದು ಬಡ ಹೆಂಗಸರಿಗಾಗಿ.

ಇದೆಲ್ಲ ನಡೆಯುತ್ತಿದ್ದುದು ಹೊರಗಿನ ವಿಶಾಲ ಅಂಗಳದಲ್ಲಿ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅನ್ಯಜನರು, ಅಂದರೆ ಯೆಹೂದ್ಯರಲ್ಲದವರು, ಬರಬಹುದಾದ ಒಂದೇ ಜಾಗ ಅದು. ಅದರಾಚೆ ಕಾಲಿಟ್ಟ ಪರದೇಶಿಗೆ ಸಾವೇ ಗತಿ ಎಂದು ಗ್ರೀಕಿನಲ್ಲಿ ಕೆತ್ತಿದ ಎಚ್ಚರಿಕೆಯ ಕಲ್ಲು 1871ರಲ್ಲಿ ಜೆರುಸಲೇಮಿನಲ್ಲಿ ಸಿಕ್ಕಿತು. ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಯೇಸು ಎತ್ತಿ ಹೇಳಿದ ಯೆಶಾಯ 56:7ರ ಮಾತು, ಅಂದರೆ ನನ್ನ ಆಲಯ ಸಕಲ ಜನಾಂಗಗಳಿಗೂ ಪ್ರಾರ್ಥನಾಲಯ ಎಂಬುದು, ಅದೇ ಪರದೇಶಿಯರನ್ನು ಕುರಿತದ್ದು. ‘ಸಕಲ ಜನಾಂಗಗಳಿಗೂ’ ಎಂಬ ಭಾಗವನ್ನು ಉಳಿಸಿಕೊಂಡವನು ಮಾರ್ಕ ಒಬ್ಬನೇ. ಮೇಜು ತೆಗೆದ ಮೇಲೆ ಏನಾಯಿತು ಎಂಬುದು ಮತ್ತಾಯ 21:14–16ರಲ್ಲಿದೆ. ಕುರುಡರೂ ಕುಂಟರೂ ದೇವಾಲಯದೊಳಗೆ ಯೇಸುವಿನ ಬಳಿಗೆ ಬಂದರು. ಮಕ್ಕಳು ‘ಹೊಸಾನ್ನ’ ಎಂದು ಕೂಗಿದರು. ಮಕ್ಕಳು ಕೂಗುತ್ತಾರೆಂದು ಸಿಡಿಮಿಡಿಗೊಂಡವರು ಮಹಾಯಾಜಕರು ಮತ್ತು ಶಾಸ್ತ್ರಿಗಳು. ಮಕ್ಕಳ ಪರ ನಿಂತವರು ಯೇಸು. ಮಕ್ಕಳ ಓಡಾಟದ ಬಗ್ಗೆ ನೀವು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಹಾಗಾಗಿ ನಿಮ್ಮ ಸಮಿತಿಗೆ ಕೊಡಬಹುದಾದ ಅಳತೆಗೋಲು ಇಷ್ಟು: ಈ ಕ್ರಮದಿಂದ ಪ್ರಾರ್ಥನೆಗೆ ಜಾಗವಾಯಿತೇ, ಅಥವಾ ಪ್ರಾರ್ಥಿಸಲು ಬಂದವರ ಜಾಗ ಹೋಯಿತೇ? ಗದರಿಕೆ ಈ ಅಳತೆಯಲ್ಲಿ ಸೋಲುತ್ತದೆ.

ಕಟ್ಟಡ ಎಷ್ಟು ಪವಿತ್ರ ಎಂಬುದರಲ್ಲಿ ಸಭೆಗಳ ನಡುವೆ ವ್ಯತ್ಯಾಸವಿದೆ. ಕಥೋಲಿಕರಿಗೂ ಆರ್ಥೊಡಾಕ್ಸ್ ಸಭೆಗಳಿಗೂ ಅದು ಪ್ರತಿಷ್ಠಾಪಿತ ಸ್ಥಳ. ಪರಮಪ್ರಸಾದ ಇಟ್ಟಿರುವ ಪೆಟ್ಟಿಗೆಯ ಬಳಿ ದೀಪ ಆರುವುದಿಲ್ಲ, ಎದುರು ಹಾದುಹೋಗುವ ಕಥೋಲಿಕರು ಬಲ ಮೊಣಕಾಲೂರುತ್ತಾರೆ. ಹಲವು ಪ್ರೊಟೆಸ್ಟಂಟ್ ಸಭೆಗಳಿಗೆ ಗೋಡೆಗಿಂತ ಕೂಡಿದ ಜನರೇ ಆಲಯ. ಯಾರೇ ಇರಲಿ, 1 ಕೊರಿಂಥ 3:16–17 ಇಬ್ಬರಿಗೂ ಸೇರಿದ್ದು. ‘ನೀವು ದೇವರ ಆಲಯ’ ಎಂಬಲ್ಲಿನ ‘ನೀವು’ ಕನ್ನಡದಲ್ಲಿ ಒಬ್ಬರಿಗೆ ಕೊಡುವ ಮರ್ಯಾದೆಯೂ ಆಗಬಹುದು. ಗ್ರೀಕಿನಲ್ಲಿ ಅದು ಸ್ಪಷ್ಟ ಬಹುವಚನ, ಇಡೀ ಸಭೆಗೆ ಹೇಳಿದ್ದು. ಆಲಯವನ್ನು ಕೆಡಿಸುವವರ ಬಗ್ಗೆ ಎಚ್ಚರಿಕೆ ಮುಂದಿನ ವಚನದಲ್ಲೇ ಬರುತ್ತದೆ. ಒಂದು ಕುಟುಂಬ ಹೊರಟುಹೋದರೆ ಆಲಯದ ಗೋಡೆಯಿಂದ ಕಲ್ಲು ಬಿದ್ದಿದೆ ಎಂದೇ ಲೆಕ್ಕ. ನಮಗೆ ತಿಳಿದಿರುವ ಅತಿ ಹಳೆಯ ಚರ್ಚುಗಳಲ್ಲೊಂದು ಸಿರಿಯಾದ ದೂರಾ-ಯೂರೋಪೊಸ್‌ನಲ್ಲಿದೆ, 3ನೇ ಶತಮಾನದ್ದು, ಸಾಧಾರಣ ಮನೆ. ಅದನ್ನು ಚರ್ಚಾಗಿಸಲು ಮಾಡಿದ ಮುಖ್ಯ ಕೆಲಸಗಳಲ್ಲೊಂದು ಎಂದರೆ ನಡುಗೋಡೆ ಒಡೆದು ಎರಡು ಕೋಣೆಗಳನ್ನು ಒಂದು ಮಾಡಿದ್ದು.

ಇನ್ನು ಕೆಲಸ.

ಮೊದಲ ಎರಡು ವಾರ ಯಾರಿಗೂ ಏನೂ ಹೇಳಬೇಡಿ. ಕೊನೆಯ ಸಾಲಿನಲ್ಲಿ ಕುಳಿತು ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳಿ: ಯಾವ ಸದ್ದು, ಎಷ್ಟು ಗಂಟೆಗೆ, ಎಲ್ಲಿಂದ. ಹೀಗೆ ಬರೆದವರಿಗೆ ಸಾಮಾನ್ಯವಾಗಿ ಒಂದು ಮುಜುಗರದ ಸತ್ಯ ತಿಳಿಯುತ್ತದೆ. ಆರಾಧನೆಗೆ ಮುಂಚಿನ ಗದ್ದಲದ ದೊಡ್ಡ ಪಾಲು ವ್ಯವಸ್ಥೆ ಮಾಡುವವರದ್ದೇ. ಮೈಕಿನಲ್ಲಿ ‘ಹಲೋ, ಹಲೋ’, ಕುರ್ಚಿ ಎಳೆದಾಟ, ಗಾಯನ ತಂಡದ ಕೊನೆಗಳಿಗೆಯ ಅಭ್ಯಾಸ, ಈ ತುದಿಯಿಂದ ಆ ತುದಿಗೆ ಕೂಗಿ ಕೇಳುವ ‘ಪುಸ್ತಕ ಎಲ್ಲಿಟ್ರಿ?’. ಗದ್ದಲದಲ್ಲಿ ಮನುಷ್ಯನ ದನಿ ತಾನಾಗಿ ಏರುತ್ತದೆ, ಅದು ಅವನ ಕೈಯಲ್ಲಿಲ್ಲ. ನಿಮ್ಮ ಸದ್ದು ಇಳಿಸದೆ ಜನರ ಸದ್ದು ಇಳಿಯದು.

ಸಮಯವನ್ನು ಹಿಂದಕ್ಕೆ ಎಣಿಸಿ. 45 ನಿಮಿಷ ಮುಂಚೆ ಬಾಗಿಲು, ಕಿಟಕಿ, ದೀಪ. 40ಕ್ಕೆ ಧ್ವನಿವರ್ಧಕದ ಪರೀಕ್ಷೆ. 30 ಬಾಕಿ ಇರುವಾಗ ಗಾಯನ ತಂಡದ ಅಭ್ಯಾಸ ಮುಗಿದಿರಬೇಕು. ಮುಗಿಯದ ಹಾಡನ್ನು ಆ ವಾರ ಬಿಡಿ. 20ಕ್ಕೆ ಮೇಣದಬತ್ತಿ, ಪುಸ್ತಕ, ನೀರು ಎಲ್ಲ ತಮ್ಮ ಜಾಗದಲ್ಲಿ. 15ಕ್ಕೆ ಸಮಿತಿಯವರು ಮಾತು ನಿಲ್ಲಿಸಿ ಕೂರಬೇಕು, ಬಾಗಿಲ ಬಳಿ ಇಬ್ಬರು ಮಾತ್ರ. 10ಕ್ಕೆ ಮೆಲ್ಲನೆಯ ವಾದ್ಯ ಸಂಗೀತ. ಇಲ್ಲಿ ಎಲ್ಲರೂ ಮಾಡುವ ತಪ್ಪು, ಮಾತನ್ನು ಮುಚ್ಚಲೆಂದು ಸಂಗೀತದ ಸದ್ದು ಏರಿಸುವುದು; ಆಗ ಜನ ಅದಕ್ಕೂ ಮೇಲೆ ಮಾತಾಡುತ್ತಾರೆ. ಸಂಗೀತ ಮಾತಿಗಿಂತ ತಗ್ಗಿರಲಿ, ಆರಾಧನೆಗೆ ಪೂರ್ತಿ ಒಂದು ನಿಮಿಷ ಮುಂಚೆ ನಿಂತುಬಿಡಲಿ. ಆ ಒಂದು ನಿಮಿಷದ ಖಾಲಿಯಲ್ಲಿ ಉಳಿದ ಮಾತೂ ನಿಲ್ಲುತ್ತದೆ. ಫಲ ಕಾಣಲು ಆರೇಳು ವಾರ ಬೇಕಾಗಬಹುದು; ಎರಡನೇ ವಾರಕ್ಕೇ ‘ಇದರಿಂದ ಆಗಲ್ಲ’ ಎಂದು ಬಿಡಬೇಡಿ.

ಜನ ಮಾತಾಡುವುದು ಅಗೌರವದಿಂದ ಎಂದು ತೀರ್ಮಾನಿಸಬೇಡಿ. ಬಹುಪಾಲು ಅದು ಆರು ದಿನ ಸಿಗದವರು ಸಿಕ್ಕಿದ ಸಂತೋಷ. ಆ ಮಾತಿಗೆ ಬೇರೆ ಜಾಗ ಕೊಡಿ: ಹೊರ ಜಗಲಿಯಲ್ಲಿ ನಾಲ್ಕು ಬೆಂಚು, ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ ಕುಡಿಯಲು ಏನಾದರೂ. ಜಾಗವಿದ್ದರೆ ಮಾತು ಅಲ್ಲಿಗೆ ಹೋಗುತ್ತದೆ.

ಮೈಕು ಕಿರುಚುವುದಕ್ಕೆ ಸಾಮಾನ್ಯ ಕಾರಣ ಅದು ಸ್ಪೀಕರಿನ ಎದುರಿಗೆ ಅಥವಾ ಸ್ಪೀಕರಿಗಿಂತ ಮುಂದೆ ಇರುವುದು. ಸ್ಪೀಕರನ್ನು ಮೈಕಿಗಿಂತ ಮುಂದಕ್ಕೆ, ಜನರತ್ತ ತಿರುಗಿಸಿ ಇಡಿ. ಓದುವವರು ಮೈಕಿನಿಂದ ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ ನಿಂತರೆ ಸದ್ದು ಏರಿಸುವ ಅಗತ್ಯವೇ ಬೀಳದು. ಕಿರುಚಿದಾಗ ಮೈಕಿನ ತಲೆಯನ್ನು ಕೈಯಿಂದ ಮುಚ್ಚುವುದು ಎಲ್ಲರಿಗೂ ಅಭ್ಯಾಸ; ಅದರಿಂದ ಕಿರುಚಾಟ ಹೆಚ್ಚುತ್ತದೆ. ಆಂಪ್ಲಿಫೈಯರನ್ನು ಎಲ್ಲಕ್ಕಿಂತ ಕೊನೆಗೆ ಆನ್ ಮಾಡಿ, ಎಲ್ಲಕ್ಕಿಂತ ಮೊದಲು ಆಫ್ ಮಾಡಿ. ಇಲ್ಲದಿದ್ದರೆ ಬೇರೆ ಉಪಕರಣ ಹೊತ್ತಿಸುವಾಗಿನ ‘ಢಬ್’ ಸದ್ದು ಸ್ಪೀಕರಿನಿಂದ ಹೊರಡುತ್ತದೆ.

ಮೊಬೈಲಿನ ವಿಷಯ. ‘ಸೈಲೆಂಟ್ ಮಾಡಿ’ ಎಂಬ ಫಲಕ ಸಾಲದು, ಏಕೆಂದರೆ ಸೈಲೆಂಟಿನಲ್ಲಿದ್ದರೂ ಅಲಾರಂ ಹೊಡೆಯುವ ಫೋನುಗಳು ಬಹಳ. ವಿಮಾನ ಮೋಡಿನಲ್ಲೂ ಅಲಾರಂ ನಿಲ್ಲದು. ಫಲಕದಲ್ಲಿ ‘ಅಲಾರಂ ಕೂಡ ನೋಡಿಕೊಳ್ಳಿ’ ಎಂಬ ಮಾತು ಸೇರಿಸಿ, ಬಾಗಿಲಲ್ಲಿ ಕಣ್ಣಿನ ಎತ್ತರಕ್ಕೆ ಹಚ್ಚಿ. ಆದರೂ ಒಂದು ಫೋನು ಹೊಡೆದೀತು. ಆಗ ಮುನ್ನಡೆಸುವವರು ಎರಡು ಕ್ಷಣ ನಿಂತು, ಆ ಕಡೆ ನೋಡದೆ, ಮುಂದುವರಿಯಬೇಕು. ಫೋನಿನವನು ಆಗಲೇ ನಾಚಿ ನೀರಾಗಿರುತ್ತಾನೆ. ಅವನಿಗೆ ನಿಮ್ಮ ನೋಟದ ಅಗತ್ಯವಿಲ್ಲ. ವೈದ್ಯರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ಫೋನು ಆಫ್ ಮಾಡಲಾರರು. ಅವರು ನಡುದಾರಿಯ ಅಂಚಿನಲ್ಲಿ ಕೂರಲಿ. ಫೋನಿನಲ್ಲೇ ಸತ್ಯವೇದ ತೆರೆದಿರುವವರನ್ನು ಅನುಮಾನದಿಂದ ನೋಡಬೇಡಿ.

ತಡವಾಗಿ ಬರುವವರಿಗೆ ಹಿಂದಿನ ಎರಡು ಸಾಲು ಮತ್ತು ಪ್ರತಿ ಸಾಲಿನ ಅಂಚು ಖಾಲಿ ಬಿಡಿಸಿ. ಮುಂಚೆ ಬಂದವರು ಅಂಚಿನಲ್ಲಿ ಕುಳಿತುಬಿಡುವುದರಿಂದಲೇ ಮೊಣಕಾಲು ದಾಟುವ ಗಡಿಬಿಡಿ ಹುಟ್ಟುವುದು. ಪ್ರಾರ್ಥನೆ, ವಾಚನದ ಹೊತ್ತಿನಲ್ಲಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು, ಹಾಡು ಶುರುವಾದಾಗ ಒಳಗೆ ಕರೆದೊಯ್ಯಿರಿ. ಕಾಯಿಸುವಾಗ ಕೈಯಲ್ಲಿ ಹಾಡಿನ ಪುಸ್ತಕ ಕೊಡಿ, ಪುಟ ತೆಗೆದೇ ಕೊಡಿ. ಮತ್ತು ಯಾಕೋಬ 2:2–4 ನೆನಪಿರಲಿ: ಚಿನ್ನದ ಉಂಗುರದವನಿಗೆ ಒಳ್ಳೆಯ ಕುರ್ಚಿ, ಮಾಸಿದ ಬಟ್ಟೆಯವನಿಗೆ ‘ನೀನು ಅಲ್ಲಿ ನಿಂತುಕೋ’ ಎನ್ನುವುದು. ಆ ಪತ್ರದಲ್ಲಿ ಆಲಯದ ಅಗೌರವ ಎಂದರೆ ಅದು. ಗಣ್ಯರು ತಡವಾಗಿ ಬಂದಾಗ ಮುಂದಿನ ಸಾಲಿಗೆ ಮೆರವಣಿಗೆ ಮಾಡಿಸುವ ಸಮಿತಿಗೆ ಮಕ್ಕಳ ಸದ್ದಿನ ಬಗ್ಗೆ ಮಾತಾಡುವ ಹಕ್ಕಿಲ್ಲ.

ಮಕ್ಕಳನ್ನು ಹಿಂದೆ ಕೂರಿಸುವುದು ಬಹಳ ಕಡೆ ರೂಢಿ. ಅದೇ ತೊಂದರೆಯ ಮೂಲ. ಹಿಂದೆ ಕುಳಿತ ನಾಲ್ಕು ವರ್ಷದ ಮಗುವಿಗೆ ಕಾಣುವುದು ದೊಡ್ಡವರ ಬೆನ್ನು ಮಾತ್ರ. ಬೆನ್ನನ್ನು ಎಷ್ಟು ಹೊತ್ತು ನೋಡೀತು? ಎರಡನೇ ಸಾಲಿನಲ್ಲಿ, ಪಕ್ಕದ ಬಾಗಿಲಿಗೆ ಹತ್ತಿರ ಕೂರಿಸಿದರೆ ಅದಕ್ಕೆ ದೀಪ, ಹಾಡು, ಕೈಗಳ ಚಲನೆ ಎಲ್ಲ ಕಾಣುತ್ತದೆ, ಅತ್ತರೆ ತಾಯಿ ತಟ್ಟನೆ ಹೊರಗೆ ಹೋಗಬಹುದು. ಆಟಿಕೆ ಇಡುವುದಾದರೆ ಬಟ್ಟೆಯವು, ದಪ್ಪ ರಟ್ಟಿನ ಪುಸ್ತಕ. ಪ್ಲಾಸ್ಟಿಕ್ ಕಾರು ಮರದ ಬೆಂಚಿನ ಮೇಲೆ ಓಡಿದರೆ ಇಡೀ ಕಟ್ಟಡಕ್ಕೆ ಕೇಳುತ್ತದೆ. ಹೊರಗೆ ಹೋದ ತಾಯಿ ವಾಪಸು ಬರುವಾಗ ಯಾರೂ ತಿರುಗಿ ನೋಡಬಾರದು ಎಂಬುದೊಂದೇ ನಿಯಮವನ್ನು ಸಭೆಗೆ ಹೇಳಿಕೊಡಿ.

ಈಗ ನಿಮ್ಮ ಮೇಣದ ಕಲೆ. ಇದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಅವಸರದ ಶುದ್ಧಿಯಿಂದ ಹಾಳಾದಷ್ಟು ಮೇಜುಬಟ್ಟೆಗಳು ಮೇಣದಿಂದ ಹಾಳಾಗುವುದಿಲ್ಲ. ಬಿಸಿನೀರಿಗೆ ಹಾಕುವುದು ಮೊದಲ ತಪ್ಪು: ಕರಗಿದ ಮೇಣ ಎಳೆಗಳ ಒಳಗೆ ಇಳಿದು ಹರಡುತ್ತದೆ. ಚಾಕುವಿನಿಂದ ಕೆರೆಯುವುದು ಎರಡನೆಯದು: ಎಳೆ ಕತ್ತರಿಸುತ್ತದೆ. ಮೇಣ ಪೂರ್ತಿ ಗಟ್ಟಿಯಾಗಲಿ. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಂದು ಗಂಟೆ ಫ್ರೀಜರಿನಲ್ಲಿಟ್ಟರೆ ಇನ್ನೂ ಒಳ್ಳೆಯದು. ಬಳಿಕ ಬಟ್ಟೆಯನ್ನು ಮೆಲ್ಲಗೆ ಮಡಿಸಿದರೆ ಮೇಣ ಬಿರುಕು ಬಿಡುತ್ತದೆ, ಚಮಚದ ಅಂಚಿನಿಂದ ಎಬ್ಬಿಸಿ. ಉಳಿದ ಜಿಡ್ಡಿಗೆ ಅಚ್ಚಿಲ್ಲದ ಹೀರುವ ಕಾಗದವನ್ನು ಬಟ್ಟೆಯ ಕೆಳಗೂ ಮೇಲೂ ಇಟ್ಟು, ಹದವಾದ ಬಿಸಿಯಲ್ಲಿ, ಹಬೆಯಿಲ್ಲದೆ ಇಸ್ತ್ರಿ ಒತ್ತಿ. ಉಜ್ಜಬೇಡಿ, ಇಟ್ಟು ಎತ್ತಿ. ಕಾಗದದಲ್ಲಿ ಜಿಡ್ಡಿನ ಮಚ್ಚೆ ಬಂದ ಕೂಡಲೆ ಜಾಗ ಬದಲಿಸಿ, ಇಲ್ಲದಿದ್ದರೆ ಅದೇ ಮೇಣ ಬಟ್ಟೆಗೆ ಮರಳುತ್ತದೆ. ಮಚ್ಚೆ ಬರುವುದು ನಿಂತ ಮೇಲೆ ಒಗೆಯಿರಿ. ಸುದ್ದಿಪತ್ರಿಕೆ ಬಳಸಿದರೆ ಮಸಿಯೂ ಇಳಿಯುತ್ತದೆ. ಬಣ್ಣದ ಮೇಣವಾದರೆ ಬಣ್ಣ ಉಳಿಯಬಹುದು. ಮೂಲೆಯಲ್ಲಿ ಪರೀಕ್ಷಿಸಿ, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒತ್ತಿ ತೆಗೆಯಿರಿ. ಸ್ಪಿರಿಟ್ ಹಚ್ಚಿದ ಜಾಗ ಪೂರ್ತಿ ಒಣಗುವ ಮುನ್ನ ಇಸ್ತ್ರಿಯನ್ನಾಗಲಿ ಬೆಂಕಿಯನ್ನಾಗಲಿ ಹತ್ತಿರ ತರಬೇಡಿ.

ಮೇಣ ಬಿದ್ದದ್ದೇಕೆ ಎಂಬುದನ್ನೂ ನೋಡಿ. ಬತ್ತಿ ಒಂದೇ ಕಡೆ ಕರಗಿ ಇಳಿದಿದ್ದರೆ ಕಾರಣ ಗಾಳಿ: ಫ್ಯಾನು ಅಥವಾ ಕಿಟಕಿ. ಬತ್ತಿಯ ದಾರ 5–6 ಮಿಲಿಮೀಟರಿಗಿಂತ ಉದ್ದವಿದ್ದರೆ ಜ್ವಾಲೆ ದೊಡ್ಡದಾಗಿ ಮೇಣ ತುಳುಕುತ್ತದೆ. ಪ್ರತಿ ಸಲ ಹೊತ್ತಿಸುವ ಮುಂಚೆ ಕತ್ತರಿಸಿ. ಬಟ್ಟೆಯ ಮೇಲೆ ಸಿಡಿದ ಸಣ್ಣ ಹನಿಗಳಿದ್ದರೆ ಯಾರೋ ಬಾಯಿಂದ ಊದಿ ಆರಿಸಿದ್ದಾರೆ. ಉದ್ದ ಹಿಡಿಯ ಮುಚ್ಚಳದಂಥ ಆರಿಸುಕಡ್ಡಿ ಬಳಸಿ. ಹೂವಿನ ಅಲಂಕಾರ ಜ್ವಾಲೆಯಿಂದ ಕನಿಷ್ಠ 30 ಸೆಂಟಿಮೀಟರ್ ದೂರವಿರಲಿ. ಒಣಗಿದ ಎಲೆ ಕಾಗದದಷ್ಟೇ ಬೇಗ ಹೊತ್ತಿಕೊಳ್ಳುತ್ತದೆ.

ದ್ರಾಕ್ಷಾರಸ ಚೆಲ್ಲಿದರೆ ಉಜ್ಜದೆ ಒತ್ತಿ ಹೀರಿಸಿ, ತಡಮಾಡದೆ ತಣ್ಣೀರಿನಲ್ಲಿ ನೆನೆಸಿ. ಕಲೆ ಪೂರ್ತಿ ಹೋಗುವ ಮುನ್ನ ಇಸ್ತ್ರಿ ಹಾಕಿದರೆ ಅದು ಶಾಶ್ವತ. ಕಥೋಲಿಕ ಸಂಪ್ರದಾಯದಲ್ಲಿ ಪಾನಪಾತ್ರೆ ಒರೆಸಿದ ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ಜಾಲಿಸಿ, ಆ ನೀರನ್ನು ಚರಂಡಿಗಲ್ಲ, ನೆಲಕ್ಕೆ ಅಥವಾ ಅದಕ್ಕೆಂದೇ ಇರುವ ತೊಟ್ಟಿಗೆ ಸುರಿಯುತ್ತಾರೆ. ಸಾಬೂನು ಅದಾದ ಮೇಲೆ. ಬೆಳ್ಳಿಯ ಪಾನಪಾತ್ರೆಯಲ್ಲಿ ದ್ರಾಕ್ಷಾರಸ ರಾತ್ರಿಯಿಡೀ ಉಳಿಯಬಾರದು, ಲೋಹ ತಿನ್ನುತ್ತದೆ. ಉಗುರುಬೆಚ್ಚಗಿನ ನೀರು, ಸೌಮ್ಯ ಸಾಬೂನು, ಮೆತ್ತನೆ ಬಟ್ಟೆ ಇಷ್ಟೇ ಸಾಕು. ಒಳಗೆ ಚಿನ್ನದ ಲೇಪವಿದ್ದರೆ ಪಾಲಿಶ್ ತಾಗಿಸಲೇಬೇಡಿ, ನಾಲ್ಕು ವರ್ಷ ಉಜ್ಜಿದರೆ ಲೇಪವೇ ಇರುವುದಿಲ್ಲ. ರಬ್ಬರ್ ಬ್ಯಾಂಡ್ ಸುತ್ತಿ ಇಡುವುದು ಬೆಳ್ಳಿಗೆ ಶತ್ರು: ರಬ್ಬರಿನ ಗಂಧಕ ಕಪ್ಪು ಗೆರೆ ಮೂಡಿಸುತ್ತದೆ.

ಉಗ್ರಾಣದ ಕೋಣೆಯ ಬಾಗಿಲನ್ನೂ ಒಮ್ಮೆ ತೆಗೆಯಿರಿ. ನೆಹೆಮೀಯ 13ರಲ್ಲಿ ಕಾಣಿಕೆ, ಧೂಪ, ಪಾತ್ರೆ ಇಡಬೇಕಾದ ಕೋಣೆಯನ್ನು ಯಾಜಕನೊಬ್ಬ ತನ್ನ ನೆಂಟ ತೋಬೀಯನಿಗೆ ಬಿಟ್ಟುಕೊಟ್ಟಿದ್ದ. ನೆಹೆಮೀಯ ವಾಪಸು ಬಂದು ಮನೆಸಾಮಾನನ್ನೆಲ್ಲ ಹೊರಗೆ ಎಸೆದ, ಕೋಣೆ ಶುದ್ಧಿ ಮಾಡಿಸಿದ, ಪಾತ್ರೆಗಳನ್ನು ಮರಳಿ ಇಟ್ಟ. ಜನ ಓದುವಾಗ ಎಸೆದದ್ದನ್ನು ನೆನಪಿಡುತ್ತಾರೆ, ಮರಳಿ ಇಟ್ಟದ್ದನ್ನು ಮರೆಯುತ್ತಾರೆ. ನಿಮ್ಮ ಉಗ್ರಾಣದಲ್ಲಿ ಮುರಿದ ಕುರ್ಚಿ, ಹಳೆಯ ಅಲಂಕಾರ, ಯಾರದೋ ಮನೆಯ ಕಬ್ಬಿಣದ ಪೆಟ್ಟಿಗೆ ಸಿಕ್ಕೀತು. ವಿದ್ಯುತ್ ಫಲಕದ ಎದುರು ಒಂದು ಮೀಟರ್ ಜಾಗ ಖಾಲಿ ಮಾಡುವುದರಿಂದ ಶುರು ಮಾಡಿ. ಯಾರ ಸಾಮಾನು ಎಂದು ಕೇಳಿ, ತಿಂಗಳ ಗಡುವು ಕೊಟ್ಟು ಸಾಗಿಸಿ. ನೆಹೆಮೀಯನಿಗೆ ಅಧಿಪತಿಯ ಅಧಿಕಾರವಿತ್ತು, ನಿಮಗಿಲ್ಲ.

ಹಣದ ವಿಷಯವನ್ನು ನೀವು ಕೇಳಿಲ್ಲ, ಆದರೆ ಯೇಸು ಬಳಸಿದ ‘ಕಳ್ಳರ ಗವಿ’ ಎಂಬ ಮಾತು ಯೆರೆಮೀಯ 7:11ರದ್ದು, ಅದು ಸದ್ದಿನ ಬಗ್ಗೆ ಅಲ್ಲ. 2 ಅರಸುಗಳು 12ರಲ್ಲಿ ಯೋವಾಷ ಅರಸನ 23ನೇ ವರ್ಷದವರೆಗೂ ಯಾಜಕರು ಆಲಯದ ಬಿರುಕು ಮುಚ್ಚಿಸಿರಲಿಲ್ಲ. ಆಗ ಯಾಜಕ ಯೆಹೋಯಾದನು ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಕೊರೆದು ಬಲಿಪೀಠದ ಬಲಗಡೆ ಇಟ್ಟ. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕ, ಮಹಾಯಾಜಕ ಇಬ್ಬರೂ ಸೇರಿ ಎಣಿಸಿದರು. ಇಂದಿಗೂ ಕ್ರಮ ಅದೇ. ಒಂದೇ ಮನೆಯವರಲ್ಲದ ಇಬ್ಬರು, ಒಂದೇ ಮೇಜಿನಲ್ಲಿ, ಆರಾಧನೆ ಮುಗಿದ ಮೇಲೆ ಎಣಿಸಲಿ. ಇಬ್ಬರೂ ಸಹಿ ಹಾಕಲಿ. ಮೊದಲ ಕೆಲಸದ ದಿನವೇ ಬ್ಯಾಂಕಿಗೆ ಹೋಗಲಿ. ಮೊತ್ತವನ್ನು ಸೂಚನಾ ಫಲಕದಲ್ಲಿ ಹಾಕಲಿ. ಪಕ್ಕದ ಕೋಣೆಯಲ್ಲಿ ನಾಣ್ಯ ಎಣಿಸುವ ಸದ್ದು ಪ್ರಸಂಗದ ನಡುವೆ ಕೇಳಿಸುವುದು ಮೊಬೈಲಿಗಿಂತ ಕೆಟ್ಟದ್ದು. ಪುಸ್ತಕ ಮಾರಾಟ, ಟಿಕೆಟು, ತಿಂಡಿಯ ಮೇಜು ಎಲ್ಲ ಹೊಸ್ತಿಲಾಚೆ, ಆರಾಧನೆಯ ನಂತರ. ಪ್ರಕಟಣೆಗೆ ಮೂರು ನಿಮಿಷ, ಉಳಿದದ್ದು ಫಲಕಕ್ಕೆ. ದಾನಿಗಳ ಹೆಸರು ಓದುವ ಪದ್ಧತಿಯಿದ್ದರೆ ಅದನ್ನು ನಿಲ್ಲಿಸಲು ಸಭಾಪಾಲಕರ ಜತೆ ಕೂತು ಮಾತಾಡಿ. ಕಷ್ಟದ ಮಾತು, ಆದರೆ ನಿಮ್ಮ ಅಭಿಮಾನಕ್ಕೆ ನಿಜವಾದ ಪರೀಕ್ಷೆ ಅಲ್ಲಿದೆ; ಮಗುವನ್ನು ಗದರಿಸುವುದು ಸುಲಭ, ದಾನಿಗೆ ಹೇಳುವುದು ಸುಲಭವಲ್ಲ. ಮೇಜಿಗೆ ರೇಷ್ಮೆ ಹೊದಿಸಿ ಬಾಗಿಲ ಹೊರಗೆ ಚಳಿಯಲ್ಲಿ ಬೆತ್ತಲೆ ಕುಳಿತ ಕ್ರಿಸ್ತನನ್ನು ಕಡೆಗಣಿಸಬೇಡಿ ಎಂದು 4ನೇ ಶತಮಾನದ ಯೋವಾನ್ ಕ್ರಿಸೊಸ್ತೋಮ್ ಮತ್ತಾಯನ ಮೇಲಿನ ಪ್ರಸಂಗದಲ್ಲಿ ಹೇಳಿದ್ದೂ ಶ್ರೀಮಂತ ದಾನಿಗಳು ಕೂತಿದ್ದ ಸಭೆಗೇ.

ಒಬ್ಬರಿಗೆ ಹೇಳಲೇಬೇಕಾದಾಗ ಹೇಗೆ ಹೇಳುವುದು? ಮತ್ತಾಯ 18:15ರ ಕ್ರಮ: ನೀವಿಬ್ಬರೇ ಇರುವಾಗ. ಆರಾಧನೆಯ ನಡುವೆ ಬೇಡ, ಅದೇ ದಿನವೂ ಬೇಡ; ಬೇಥಾನ್ಯದ ರಾತ್ರಿಯಷ್ಟು ಅಂತರ ಇರಲಿ. ಒಂದೇ ವಾಕ್ಯ, ಒಂದೇ ವಿಷಯ. ‘ನಿಮ್ಮಿಂದ ಎಲ್ಲರಿಗೂ ತೊಂದರೆ’ ಎನ್ನಬೇಡಿ. ‘ವಾಚನದ ಹೊತ್ತಿನಲ್ಲಿ ಹಿಂದಿನ ಅಜ್ಜಿಗೆ ಕೇಳಿಸುತ್ತಿಲ್ಲವಂತೆ, ಸ್ವಲ್ಪ ಸಹಾಯ ಮಾಡ್ತೀರಾ?’ ಎಂದು ಕೇಳಿ, ಆದರೆ ಅಜ್ಜಿ ನಿಜವಾಗಿ ಹೇಳಿದ್ದರೆ ಮಾತ್ರ. ಮೊದಲ ಸಲ ಬಂದವರಿಗೆ ಏನನ್ನೂ ತಿದ್ದಬೇಡಿ, ಉಡುಪನ್ನಂತೂ ಬೇಡವೇ ಬೇಡ. ಸಮಿತಿಯಲ್ಲಿ ಹೇಳುವ ಕೆಲಸವನ್ನು ಒಬ್ಬರಿಗೇ ವಹಿಸಿ. ನಾಲ್ವರು ನಾಲ್ಕು ಕಡೆಯಿಂದ ಹೇಳಿದರೆ ಅದು ಕಿರುಕುಳ. ಯಾರು ಹೇಳಬೇಕೆಂದು ಆರಿಸುವಾಗ ಹೇಳಲು ಹಿಂಜರಿಯುವವರನ್ನೇ ಆರಿಸಿ.

ಆ ಕುಟುಂಬ ಮತ್ತೆ ಬಂದ ದಿನ ವಿಶೇಷ ಸ್ವಾಗತ ಏನೂ ಬೇಡ, ಮೈಕಿನಲ್ಲಂತೂ ಬೇಡ. ಅವರು ಯಾವಾಗಲೂ ಕೂರುವ ಜಾಗ ಖಾಲಿ ಇರುವಂತೆ ನೋಡಿಕೊಳ್ಳಿ, ಪುಸ್ತಕ ಮೊದಲೇ ಅಲ್ಲಿಡಿ. ಮಗು ಎದ್ದು ಓಡಿದರೆ ಹಿಡಿಯಲು ಹೋಗಬೇಡಿ. ಹೊರಬಾಗಿಲ ಬಳಿ ಹೋಗಿ ನಿಂತುಕೊಳ್ಳಿ, ಅದು ರಸ್ತೆಗೆ ಇಳಿಯದಂತೆ.